ದೇಹದೊಳಗಿನ ಸಾಧನ: ಇಟ್ಟ ಮೇಲಿನ ಖರ್ಚು ಯಾರದು?



ನಮ್ಮ ಸಂಘದ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳನ್ನು ಪರಿಶೀಲಿಸುವ ಉಪಸಮಿತಿಯಲ್ಲಿ ನಾನೂ ಒಬ್ಬ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿ ಎಲ್ಲ ಕಡೆಯಿಂದಲೂ ಅರ್ಜಿಗಳು ಬರುತ್ತವೆ. ಪ್ರತಿಯೊಂದರ ಜೊತೆಗೂ ಆಸ್ಪತ್ರೆಯ ಎಸ್ಟಿಮೇಟು ಇರುತ್ತದೆ. ಅದರಲ್ಲಿ ಈಚೆಗೆ ಮತ್ತೆ ಮತ್ತೆ ಕಾಣುವ ಸಾಲು ‘ಇಂಪ್ಲಾಂಟ್’. ಹೃದಯಕ್ಕೆ ಸ್ಟೆಂಟ್, ಪೇಸ್‌ಮೇಕರ್, ಕವಾಟ, ಮಂಡಿಗೆ ಕೃತಕ ಕೀಲು, ಮಗುವಿನ ಕಿವಿಗೆ ಕಾಕ್ಲಿಯರ್, ಹೀಗೆ.

ದಾನಿಗಳು ನಮ್ಮನ್ನು ಕೇಳುವ ಪ್ರಶ್ನೆಗಳೂ ಇದರ ಸುತ್ತಲೇ ಇವೆ. ಈ ವಸ್ತುವಿಗೆ ಇಷ್ಟೊಂದು ಬೆಲೆ ಏಕೆ? ಸರಕಾರದ ಯೋಜನೆ ಇಲ್ಲವೇ? ನಾವು ಕೊಟ್ಟ ಹಣ ಯಾವುದಕ್ಕೆ ಹೋಗುತ್ತದೆ? ನಾನು ಓದಿದ್ದು ಕಾಮರ್ಸ್, ದುಡಿದದ್ದು ಬ್ಯಾಂಕಿನಲ್ಲಿ. ವೈದ್ಯಕೀಯ ಸಲಹೆ ಕೊಡುವ ಅರ್ಹತೆ ನನಗಿಲ್ಲ. ಆದರೆ ಲೆಕ್ಕಪತ್ರ, ಸರಕಾರಿ ಆದೇಶ ಓದುವ ಅಭ್ಯಾಸ ಇದೆ. ಆ ದೃಷ್ಟಿಯಿಂದ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ.

ಒಳಗಿಡುವುದು ಎಂದರೇನು?

ನಮ್ಮಲ್ಲಿ ಅತಿ ಹೆಚ್ಚು ಜನರ ದೇಹದಲ್ಲಿರುವ ಸಾಧನ ಕಣ್ಣಿನ ಲೆನ್ಸ್. ಹಿರಿಯರಿಗೆ ದಾವಣಗೆರೆಯ ಡಾ. ಎಂ.ಸಿ. ಮೋದಿಯವರ ನೇತ್ರ ಶಿಬಿರಗಳು ನೆನಪಿರಬಹುದು. ಅವರು ಊರೂರು ತಿರುಗಿ ಲಕ್ಷಾಂತರ ಮಂದಿಯ ಪೊರೆ ತೆಗೆದರು. ಆಗ ಪೊರೆ ತೆಗೆದ ಮೇಲೆ ದಪ್ಪ ಗಾಜಿನ ಕನ್ನಡಕ ಹಾಕಬೇಕಿತ್ತು, ಏಕೆಂದರೆ ತೆಗೆದ ಲೆನ್ಸಿನ ಜಾಗದಲ್ಲಿ ಬೇರೆ ಏನನ್ನೂ ಇಡುತ್ತಿರಲಿಲ್ಲ. ಇಂಗ್ಲೆಂಡಿನ ವೈದ್ಯ ಹೆರಾಲ್ಡ್ ರಿಡ್ಲಿ ಒಂದು ವಿಷಯ ಗಮನಿಸಿದ್ದರು. ಯುದ್ಧವಿಮಾನದ ಪ್ಲಾಸ್ಟಿಕ್ ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕರೂ ಕಣ್ಣು ಅವನ್ನು ಸಹಿಸಿಕೊಂಡಿತ್ತು. ಅದೇ ಬಗೆಯ ಪ್ಲಾಸ್ಟಿಕ್‌ನಿಂದ ಲೆನ್ಸ್ ಮಾಡಿಸಿ 1949ರಲ್ಲಿ ಅವರು ಮೊದಲ ಬಾರಿಗೆ ಒಬ್ಬರ ಕಣ್ಣಿನೊಳಗಿಟ್ಟರು. ನಮ್ಮ ದೇಶದಲ್ಲಿ ಅದು ಬಡವರ ಕೈಗೆಟುಕಿದ್ದರಲ್ಲಿ ಮದುರೆಯ ಅರವಿಂದ ಕಣ್ಣಾಸ್ಪತ್ರೆಯವರು 1992ರಲ್ಲಿ ಆರಂಭಿಸಿದ ಆರೋಲ್ಯಾಬ್‌ನ ಪಾಲು ದೊಡ್ಡದು.

ಸ್ಟೆಂಟ್ ಎಂದರೆ ಲೋಹದ ಸಣ್ಣ ಜಾಲರಿಯ ನಳಿಕೆ. ಹೃದಯಕ್ಕೆ ರಕ್ತ ಒಯ್ಯುವ ನಾಳ ಕಿರಿದಾದ ಕಡೆ, ಬಲೂನಿನ ಸಹಾಯದಿಂದ ಅಗಲಿಸಿ ಅಲ್ಲಿ ಬಿಡುತ್ತಾರೆ. ಈಗ ಹೆಚ್ಚಾಗಿ ಬಳಸುವುದು ಔಷಧಿ ಲೇಪಿಸಿದ ಸ್ಟೆಂಟ್. ಪೇಸ್‌ಮೇಕರ್ ಎಂದರೆ ಹೃದಯದ ಬಡಿತ ನಿಧಾನವಾದಾಗ ವಿದ್ಯುತ್ ಮಿಡಿತ ಕೊಡುವ, ಬ್ಯಾಟರಿಯಿಂದ ನಡೆಯುವ ಚಿಕ್ಕ ಪೆಟ್ಟಿಗೆ. ಸಾಮಾನ್ಯವಾಗಿ ಕೊರಳೆಲುಬಿನ ಕೆಳಗೆ, ಚರ್ಮದಡಿ ಇಡುತ್ತಾರೆ. ಸ್ವೀಡನ್ನಿನಲ್ಲಿ 1958ರಲ್ಲಿ ಮೊದಲ ಪೇಸ್‌ಮೇಕರ್ ಅಳವಡಿಸಿದಾಗ ಅದು ಕೆಲವೇ ಗಂಟೆ ಕೆಲಸ ಮಾಡಿತು. ಆದರೂ ಆ ರೋಗಿ ಆರ್ನೆ ಲಾರ್ಸನ್, 20ಕ್ಕೂ ಹೆಚ್ಚು ಪೇಸ್‌ಮೇಕರ್ ಬದಲಾಯಿಸಿಕೊಂಡು 2001ರ ತನಕ, 86 ವರ್ಷ ಬದುಕಿದರು. ಈ ಸಾಧನಗಳನ್ನು ಒಮ್ಮೆ ಇಟ್ಟರೆ ಮುಗಿಯಿತು ಎಂದು ತಿಳಿಯಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಕವಾಟದ ಕಥೆ ನಮಗೆ ಇನ್ನೂ ಹತ್ತಿರದ್ದು. ಚಿಕ್ಕಂದಿನಲ್ಲಿ ಗಂಟಲು ನೋವಿನ ನಂತರ ಬರುವ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಡುವುದು ಬಡ ಮನೆಗಳಲ್ಲಿ ಹೆಚ್ಚು. ವಿದೇಶಿ ಕವಾಟದ ಬೆಲೆ ಅವರಿಗೆ ಎಟುಕುತ್ತಿರಲಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ವರ್ಷಗಟ್ಟಲೆ ಪ್ರಯೋಗ ನಡೆಯಿತು. ಮೊದಲ ಮಾದರಿಗಳು ವಿಫಲವಾದವು. ಕೊನೆಗೆ 1990ರ ಡಿಸೆಂಬರ್‌ನಲ್ಲಿ ದೇಶೀಯ ‘ಚಿತ್ರಾ’ ಕವಾಟವನ್ನು ಮೊದಲ ರೋಗಿಗೆ ಅಳವಡಿಸಿದರು. ಅದೇ ವಲಿಯತ್ತಾನರು ಆಮೇಲೆ ನಮ್ಮ ಮಣಿಪಾಲದ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ ಬಂದರು.

ಬೆಲೆಗೆ ಮಿತಿ ಇದೆ

ಹತ್ತು ವರ್ಷದ ಹಿಂದೆ ಸ್ಟೆಂಟಿನ ಬೆಲೆ ಆಸ್ಪತ್ರೆ ಹೇಳಿದ್ದೇ ಆಗಿತ್ತು. ದೆಹಲಿಯ ವಕೀಲ ಬೀರೇಂದ್ರ ಸಾಂಗ್ವಾನ್ ಇದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದರು. 2016ರಲ್ಲಿ ಸ್ಟೆಂಟ್ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. 2017ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ (ಎನ್‌ಪಿಪಿಎ) ಗರಿಷ್ಠ ಬೆಲೆ ಗೊತ್ತುಮಾಡಿತು. ಬರಿ ಲೋಹದ ಸ್ಟೆಂಟಿಗೆ 7,260 ರೂಪಾಯಿ, ಔಷಧಿ ಲೇಪಿಸಿದ್ದಕ್ಕೆ 29,600 ರೂಪಾಯಿ, ತೆರಿಗೆ ಬೇರೆ. ಅದಕ್ಕೆ ಮೊದಲು ಎರಡನೆಯದರ ಸರಾಸರಿ ಬೆಲೆ 1.21 ಲಕ್ಷ ಇತ್ತು. ಹಣದುಬ್ಬರಕ್ಕೆ ತಕ್ಕಂತೆ ಮಿತಿ ಸ್ವಲ್ಪ ಸ್ವಲ್ಪ ಏರಿ 2025ರ ಏಪ್ರಿಲ್‌ನಲ್ಲಿ ಕ್ರಮವಾಗಿ ಸುಮಾರು 10,693 ಮತ್ತು 38,933 ರೂಪಾಯಿಗೆ ಬಂದಿದೆ.

ಮಂಡಿಯ ಕೀಲಿಗೂ 2017ರ ಆಗಸ್ಟ್‌ನಲ್ಲಿ ಮಿತಿ ಬಂತು. ಹೆಚ್ಚು ಬಳಕೆಯಲ್ಲಿರುವ ಕೋಬಾಲ್ಟ್-ಕ್ರೋಮಿಯಂ ಕೀಲಿನ ಸರಾಸರಿ ಬೆಲೆ 1,58,324 ರೂಪಾಯಿ ಇದ್ದದ್ದು 54,720ಕ್ಕೆ ಇಳಿಯಿತು.

ಸ್ಟೆಂಟಿನ ಆದೇಶದಲ್ಲಿ ಇನ್ನೊಂದು ಮುಖ್ಯ ಮಾತಿದೆ. ಆಸ್ಪತ್ರೆ ತನ್ನ ಬಿಲ್ಲಿನಲ್ಲಿ ಸ್ಟೆಂಟಿನ ಬೆಲೆಯನ್ನು ಪ್ರತ್ಯೇಕವಾಗಿ, ಬ್ರ್ಯಾಂಡ್ ಹೆಸರು, ತಯಾರಕರು ಅಥವಾ ಆಮದುದಾರರ ಹೆಸರು, ಬ್ಯಾಚ್ ನಂಬರು ಸಹಿತ ತೋರಿಸಬೇಕು. ‘ಪ್ಯಾಕೇಜ್’ ಎಂಬ ಒಂದೇ ಸಾಲಿನ ಬಿಲ್ ಬಂದರೆ ವಿವರ ಕೇಳುವ ಹಕ್ಕು ನಿಮಗಿದೆ. ಸಂದೇಹವಿದ್ದರೆ ಎನ್‌ಪಿಪಿಎ ಸಹಾಯವಾಣಿ 1800 111 255. ಆದರೆ ಒಂದು ಎಚ್ಚರಿಕೆ. ಮಿತಿ ಇರುವುದು ಸಾಧನಕ್ಕೆ ಮಾತ್ರ. ರೂಮು, ಆಪರೇಷನ್ ಥಿಯೇಟರ್, ಬಲೂನು, ವೈದ್ಯರ ಶುಲ್ಕ ಇವೆಲ್ಲ ಬೇರೆ. ಆದ್ದರಿಂದಲೇ ಒಂದೇ ಸ್ಟೆಂಟಿಗೆ ಎರಡು ಆಸ್ಪತ್ರೆಗಳ ಎಸ್ಟಿಮೇಟು ಎರಡು ಬಗೆ.

ಮೊದಲು ಬಡಿಯಬೇಕಾದ ಬಾಗಿಲುಗಳು

ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ 2012ರಲ್ಲಿ ಬೇರೆ ಹೆಸರಿನಲ್ಲಿ ಶುರುವಾದದ್ದು. ಈಗ ಅದು ಕೇಂದ್ರದ ಆಯುಷ್ಮಾನ್ ಭಾರತದ ಜೊತೆ ಸೇರಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ತನಕ ನಗದುರಹಿತ ಚಿಕಿತ್ಸೆ ಕೊಡುತ್ತದೆ. ಹಳದಿ, ಕೇಸರಿ ಮಾತ್ರವಲ್ಲ, ಬಿಳಿ ರೇಷನ್ ಕಾರ್ಡಿನವರೂ ಇದರಲ್ಲಿ ಬರುತ್ತಾರೆ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ‘ಆರೋಗ್ಯಮಿತ್ರ’ ಎಂಬ ಸಿಬ್ಬಂದಿ ಇರುತ್ತಾರೆ. ಸಹಾಯವಾಣಿ 155388. 70 ವರ್ಷ ದಾಟಿದ ಹಿರಿಯರಿಗೆ 2024ರ ಅಕ್ಟೋಬರ್‌ನಿಂದ ಆದಾಯದ ಲೆಕ್ಕವಿಲ್ಲದೆ ಆಯುಷ್ಮಾನ್ ವಯ ವಂದನಾ ಕಾರ್ಡ್ ಸಿಗುತ್ತದೆ.

ನಮ್ಮವರ ತೊಡಕು ಒಂದೇ: ಇಪ್ಪತ್ತು ವರ್ಷದಿಂದ ಡೊಂಬಿವಲಿಯಲ್ಲಿದ್ದರೂ ರೇಷನ್ ಕಾರ್ಡ್ ಊರಲ್ಲೇ ಉಳಿದಿರುತ್ತದೆ. ಆಯುಷ್ಮಾನ್ ಕಾರ್ಡ್ ಇದ್ದರೆ ಅದು ರಾಜ್ಯದ ಗಡಿ ದಾಟಿ ನಡೆಯುತ್ತದೆ. ಬರಿ ಊರಿನ ರೇಷನ್ ಕಾರ್ಡ್ ಇಲ್ಲಿ ಸಾಲದು. ಆರೋಗ್ಯ ಚೆನ್ನಾಗಿರುವಾಗಲೇ ಈ ಕಾಗದಪತ್ರ ಸರಿ ಮಾಡಿಕೊಳ್ಳಿ. ಐ.ಸಿ.ಯು. ಬಾಗಿಲಲ್ಲಿ ನಿಂತು ಮಾಡುವ ಕೆಲಸ ಅಲ್ಲ ಅದು.

ಇನ್ನೊಂದು ಬಾಗಿಲು ಧರ್ಮಾದಾಯ ಆಸ್ಪತ್ರೆಗಳದು. ಮಹಾರಾಷ್ಟ್ರದ ಸಾರ್ವಜನಿಕ ಟ್ರಸ್ಟ್ ಕಾಯಿದೆಯ 41ಎಎ ಕಲಮಿನಡಿ ದೊಡ್ಡ ಟ್ರಸ್ಟ್ ಆಸ್ಪತ್ರೆಗಳು ಶೇ. 10 ಹಾಸಿಗೆಗಳನ್ನು ತೀರ ಬಡವರಿಗೆ ಉಚಿತವಾಗಿ, ಇನ್ನು ಶೇ. 10 ಹಾಸಿಗೆಗಳನ್ನು ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿ ಕೊಡಬೇಕು. ಬಿಲ್ಲಿನ ಒಟ್ಟು ವರಮಾನದ ಶೇ. 2ನ್ನು ಇದಕ್ಕೆಂದೇ ತೆಗೆದಿಡಬೇಕು. ಬಾಂಬೆ ಹೈಕೋರ್ಟ್ 2006ರಲ್ಲಿ ಮಂಜೂರು ಮಾಡಿದ ಈ ಯೋಜನೆಯಲ್ಲಿ ಇಂಪ್ಲಾಂಟಿನ ಪ್ರಸ್ತಾಪ ಸ್ಪಷ್ಟವಾಗಿದೆ. ದುರ್ಬಲ ವರ್ಗದ ರೋಗಿಗೆ ಆಸ್ಪತ್ರೆ ತಾನು ಕೊಂಡ ಬೆಲೆಯನ್ನೇ ಹಾಕಬೇಕು, ರೋಗಿ ಅದರ ಕನಿಷ್ಠ ಅರ್ಧವನ್ನು ಭರಿಸಬೇಕು. ಆಸ್ಪತ್ರೆಯ ಸಮಾಜಸೇವಾ ವಿಭಾಗದಲ್ಲಿ ಆದಾಯದ ದಾಖಲೆ ಕೊಟ್ಟು ಕೇಳಬೇಕು. ಆದಾಯದ ಮಿತಿ ಆಗಾಗ ಬದಲಾಗುತ್ತದೆ, ವಿಚಾರಿಸಿಕೊಳ್ಳಿ.

ಹುಟ್ಟಿನಿಂದ ಕಿವಿ ಕೇಳದ ಚಿಕ್ಕ ಮಕ್ಕಳಿಗೆ ಕೇಂದ್ರ ಸರಕಾರದ ಎಡಿಐಪಿ ಯೋಜನೆಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಸಿಗುತ್ತದೆ. ಅದನ್ನು ನೋಡಿಕೊಳ್ಳುವ ಸಂಸ್ಥೆ ನಮ್ಮ ಬಾಂದ್ರಾದಲ್ಲೇ ಇದೆ: ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ. ಐದು ವರ್ಷ ತುಂಬುವ ಮೊದಲೇ ಹೋಗಬೇಕು. ತಡವಾದಷ್ಟೂ ಮಾತು ಕಲಿಯುವುದು ಕಷ್ಟ.

ಯಂತ್ರಕ್ಕೆ ಸಾಲ ಕೊಟ್ಟರೆ ಸಾಲದು

ಈಗ ನಾನು ಹೇಳಬೇಕೆಂದಿರುವ ಮುಖ್ಯ ವಿಷಯಕ್ಕೆ ಬರುತ್ತೇನೆ. ಬ್ಯಾಂಕಿನಲ್ಲಿ ಒಬ್ಬರು ಯಂತ್ರ ಕೊಳ್ಳಲು ಟರ್ಮ್ ಲೋನ್ ಕೇಳಿದರೆ ನಾವು ಮೊದಲು ಕೇಳುತ್ತಿದ್ದ ಪ್ರಶ್ನೆ, ‘ವರ್ಕಿಂಗ್ ಕ್ಯಾಪಿಟಲ್ ಎಲ್ಲಿಂದ?’ ಯಂತ್ರ ಬಂತು, ಆದರೆ ಕಚ್ಚಾಮಾಲಿಗೆ, ಕರೆಂಟಿಗೆ, ರಿಪೇರಿಗೆ ಹಣವಿಲ್ಲ ಎಂದಾದರೆ ಯಂತ್ರವೂ ಹೋಯಿತು, ಸಾಲವೂ ಹೋಯಿತು. ದೇಹದೊಳಗಿನ ಯಂತ್ರಕ್ಕೂ ಇದೇ ನಿಯಮ.

ಕಲ್ಯಾಣದ ಒಂದು ಕ್ಯಾಂಟೀನಿನಲ್ಲಿ ದುಡಿಯುವ, ಕುಂದಾಪುರ ಕಡೆಯ ಒಬ್ಬರಿಗೆ ಸರಕಾರಿ ಯೋಜನೆಯಲ್ಲಿ ಸ್ಟೆಂಟ್ ಆಯಿತು. ಒಂದು ರೂಪಾಯಿ ಖರ್ಚಿಲ್ಲ. ನಮ್ಮ ನಿಧಿಗೆ ಅವರು ಅರ್ಜಿಯನ್ನೇ ಹಾಕಲಿಲ್ಲ, ಆಪರೇಷನ್ ಉಚಿತವಾಗಿತ್ತಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಮಾತ್ರೆಗಳನ್ನು ತಪ್ಪದೆ ತೆಗೆದುಕೊಳ್ಳಲು ಡಾಕ್ಟರು ಹೇಳಿದ್ದರು. ನಾಲ್ಕು ತಿಂಗಳಾದ ಮೇಲೆ ಎದೆನೋವು ಇಲ್ಲ, ಕೆಲಸಕ್ಕೂ ಹೋಗುತ್ತಿದ್ದಾರೆ, ಮಗಳ ಫೀಸಿನ ಸಮಯ ಬೇರೆ. ಮಾತ್ರೆ ನಿಂತಿತು. ಮುಂದಿನ ತಿಂಗಳು ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಮತ್ತೆ ಹೃದಯಾಘಾತ. ಜೀವ ಉಳಿಯಿತು. ಆದರೆ ಹೃದಯದ ಸ್ನಾಯು ಸೊರಗಿದೆ, ದೊಡ್ಡ ಪಾತ್ರೆ ಎತ್ತುವ ಹಾಗಿಲ್ಲ. ಈಗ ಗಲ್ಲಾದಲ್ಲಿ ಕೂರುತ್ತಾರೆ, ಸಂಬಳ ಮೊದಲಿಗಿಂತ ಕಡಿಮೆ. ಎರಡನೆಯ ಆಸ್ಪತ್ರೆವಾಸದ ಅರ್ಜಿ ಬಂದಾಗಲೇ ನಮಗೆ ಅವರ ವಿಷಯ ತಿಳಿದದ್ದು. ಆ ಮಾತ್ರೆಗಳು ಜನೌಷಧಿ ಕೇಂದ್ರದಲ್ಲಿ ತೀರ ಅಗ್ಗವಾಗಿ ಸಿಗುತ್ತವೆ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಒಂದೊಂದು ಸಾಧನದ ‘ನಡೆಸುವ ಖರ್ಚು’ ಹೀಗಿರುತ್ತದೆ:

ಸ್ಟೆಂಟ್: ಎರಡು ಮಾತ್ರೆಗಳನ್ನು ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ, ಆಮೇಲೆ ಒಂದನ್ನು ಜೀವನಪರ್ಯಂತ. ಡಾಕ್ಟರನ್ನು ಕೇಳದೆ ಒಂದು ದಿನವೂ ನಿಲ್ಲಿಸುವ ಹಾಗಿಲ್ಲ. ಹಲ್ಲು ಕೀಳಿಸುವ ಮೊದಲೂ ಕೇಳಬೇಕು.

ಲೋಹದ ಕವಾಟ: ರಕ್ತ ತೆಳುವಾಗಿಸುವ ಮಾತ್ರೆ ಜೀವನಪರ್ಯಂತ, ಜೊತೆಗೆ ನಿಗದಿತ ಅವಧಿಗೊಮ್ಮೆ ಐಎನ್‌ಆರ್ ಎಂಬ ರಕ್ತ ಪರೀಕ್ಷೆ. ಪ್ರಮಾಣ ಕಡಿಮೆಯಾದರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ, ಹೆಚ್ಚಾದರೆ ರಕ್ತಸ್ರಾವ. ಬಸಳೆ, ಹರಿವೆಯಂಥ ಸೊಪ್ಪು ಬಿಡಬೇಕಿಲ್ಲ. ಆದರೆ ಒಂದು ವಾರ ದಿನಾ ತಿಂದು ಮುಂದಿನ ವಾರ ಪೂರ್ತಿ ಬಿಡುವುದು ಒಳ್ಳೆಯದಲ್ಲ, ಏಕೆಂದರೆ ಸೊಪ್ಪಿನಲ್ಲಿರುವ ಕೆ ಜೀವಸತ್ವ ಈ ಮಾತ್ರೆಯ ಕೆಲಸವನ್ನು ಏರುಪೇರು ಮಾಡುತ್ತದೆ.

ಪೇಸ್‌ಮೇಕರ್: ಆರು ತಿಂಗಳು ಅಥವಾ ವರ್ಷಕ್ಕೊಮ್ಮೆ ತಪಾಸಣೆ. ಸುಮಾರು 8ರಿಂದ 12 ವರ್ಷದಲ್ಲಿ ಬ್ಯಾಟರಿ ಮುಗಿಯುತ್ತದೆ, ಆಗ ಪೆಟ್ಟಿಗೆಯನ್ನೇ ಬದಲಾಯಿಸಬೇಕು. ಮೊಬೈಲನ್ನು ಆ ಕಡೆಯ ಜೇಬಿನಲ್ಲಿ ಇಡಬಾರದು, ಎಂಆರ್‌ಐ ಮಾಡಿಸುವ ಮೊದಲು ತಿಳಿಸಬೇಕು. ಹೇಳಲು ಮನಸ್ಸು ಬಾರದ, ಆದರೆ ಹೇಳಲೇಬೇಕಾದ ಇನ್ನೊಂದು ಮಾತಿದೆ. ವ್ಯಕ್ತಿ ತೀರಿಕೊಂಡರೆ ದಹನಕ್ಕೆ ಮುನ್ನ ಪೇಸ್‌ಮೇಕರನ್ನು ತೆಗೆಸಬೇಕು. ಬೆಂಕಿಯಲ್ಲಿ ಅದರ ಬ್ಯಾಟರಿ ಸಿಡಿಯುತ್ತದೆ. ಮನೆಯವರಲ್ಲಿ ಒಬ್ಬರಿಗಾದರೂ ಇದು ಗೊತ್ತಿರಲಿ.

ಮಂಡಿ ಕೀಲು: ಆಪರೇಷನ್ ಅರ್ಧ ಕೆಲಸ, ಫಿಸಿಯೋಥೆರಪಿ ಇನ್ನರ್ಧ. ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂರುವ ಹಾಗಿಲ್ಲ. ಸಾರ್ವಜನಿಕ ಶೌಚಾಲಯವಿರುವ ಚಾಳಿನಲ್ಲಿ ವಾಸಿಸುವವರಿಗೆ ಕಮೋಡ್ ಕುರ್ಚಿಯೂ ಚಿಕಿತ್ಸೆಯ ಒಂದು ಭಾಗವೇ.

ಕಾಕ್ಲಿಯರ್: ಒಳಗಿನ ಭಾಗ ಉಚಿತವಾಗಿ ಬಂದರೂ ಹೊರಗಿನ ಪ್ರೊಸೆಸರಿಗೆ ಬ್ಯಾಟರಿ, ತಂತಿ, ರಿಪೇರಿ ಬೇಕು. ಮಗುವಿಗೆ ತಿಂಗಳುಗಟ್ಟಲೆ ಮಾತಿನ ತರಬೇತಿ ಬೇಕು. ವಾರಕ್ಕೆ ಎರಡು ದಿನ ಮಗುವನ್ನು ಲೋಕಲ್ ರೈಲಿನಲ್ಲಿ ಕರೆದೊಯ್ಯುವ ತಾಯಿಯ ಕೂಲಿ ಹೋಗುತ್ತದೆ. ಆ ಲೆಕ್ಕ ಯಾವ ಎಸ್ಟಿಮೇಟಿನಲ್ಲೂ ಇಲ್ಲ.

ಮೂತ್ರನಾಳದ ಡಿ.ಜೆ. ಸ್ಟೆಂಟ್: ಕಿಡ್ನಿ ಕಲ್ಲಿನ ಆಪರೇಷನ್ ಆದಾಗ ಇಡುವ ಮೆತ್ತನೆಯ ನಳಿಕೆ ಇದು. ಉಳಿಸಿಕೊಳ್ಳಲು ಇಡುವುದಲ್ಲ, ತೆಗೆಯಲಿಕ್ಕೇ ಇಡುವುದು. ಡಾಕ್ಟರು ಹೇಳಿದ ವಾರಗಳಲ್ಲಿ, ಸಾಮಾನ್ಯವಾಗಿ ಮೂರು ತಿಂಗಳೊಳಗೆ, ತೆಗೆಸಬೇಕು. ನೋವು ಹೋಯಿತೆಂದು ಊರಿಗೆ ಹೋದವರು ಅದನ್ನು ಮರೆತುಬಿಡುತ್ತಾರೆ. ವರ್ಷ ಕಳೆದರೆ ಅದರ ಮೇಲೇ ಕಲ್ಲು ಕಟ್ಟಿ, ಕಿಡ್ನಿಗೇ ಕುತ್ತು ಬರಬಹುದು.

ಕೆಲವು ಚಿಕಿತ್ಸೆಗಳಿಗೆ ಫುಲೆ ಯೋಜನೆಯಲ್ಲೇ ನಂತರದ ತಪಾಸಣೆಯ ಸೌಲಭ್ಯವಿದೆ. ಡಿಸ್ಚಾರ್ಜ್ ಆಗುವ ಮೊದಲು ಆರೋಗ್ಯಮಿತ್ರರನ್ನು ಕೇಳಲು ಮರೆಯಬೇಡಿ.

ಚೀಟಿಯನ್ನು ಪಾಸ್‌ಬುಕ್ಕಿನಂತೆ ಕಾಪಾಡಿ

ಇಂಪ್ಲಾಂಟಿನ ಪೆಟ್ಟಿಗೆಯಲ್ಲಿ ಬ್ರ್ಯಾಂಡ್, ಮಾದರಿ, ಸೀರಿಯಲ್ ಅಥವಾ ಲಾಟ್ ನಂಬರಿರುವ ಸ್ಟಿಕ್ಕರುಗಳಿರುತ್ತವೆ. ಒಂದು ಆಸ್ಪತ್ರೆಯ ಕಡತಕ್ಕೆ, ಇನ್ನೊಂದು ನಿಮ್ಮ ಡಿಸ್ಚಾರ್ಜ್ ಕಾರ್ಡಿಗೆ. ಇದು ಏಕೆ ಮುಖ್ಯ? ಡಿಪ್ಯೂ ಕಂಪನಿಯ ಎಎಸ್‌ಆರ್ ಎಂಬ ಸೊಂಟದ ಕೀಲಿನಲ್ಲಿ ಲೋಹಕ್ಕೆ ಲೋಹ ಉಜ್ಜಿ ಕೋಬಾಲ್ಟ್, ಕ್ರೋಮಿಯಂ ರಕ್ತಕ್ಕೆ ಸೇರುತ್ತಿದೆ ಎಂದು ತಿಳಿದು 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ಅದನ್ನು ಹಿಂದಕ್ಕೆ ಪಡೆದರು. ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳು ನಡೆದಿದ್ದವು. ಕೇಂದ್ರ ಸರಕಾರ ನೇಮಿಸಿದ ತಜ್ಞರ ಸಮಿತಿ 2018ರಲ್ಲಿ ವರದಿ ಕೊಟ್ಟಾಗ ಕಂಪನಿಯ ಸಹಾಯವಾಣಿಯಲ್ಲಿ ಹೆಸರು ನೋಂದಾಯಿಸಿದ್ದವರು ಸಾವಿರ ಚಿಲ್ಲರೆ ಮಂದಿ ಮಾತ್ರ. 3,600ರಷ್ಟು ಜನ ಎಲ್ಲಿದ್ದಾರೆಂದೇ ತಿಳಿಯಲಿಲ್ಲ. ಕನಿಷ್ಠ 20 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸಮಿತಿ ಹೇಳಿತು. ಆದರೆ ತನ್ನ ಸೊಂಟದಲ್ಲಿರುವುದು ಯಾವ ಕೀಲು ಎಂದು ಗೊತ್ತಿಲ್ಲದವನು ಯಾವ ಪರಿಹಾರ ಕೇಳಿಯಾನು?

ಅದಕ್ಕೇ ಹೇಳುವುದು. ಸ್ಟಿಕ್ಕರ್ ಇರುವ ಕಾರ್ಡ್, ಆಪರೇಷನ್ ನೋಟ್, ಬಿಲ್ಲು, ಈ ಮೂರನ್ನೂ ಬ್ಯಾಂಕಿನ ಪಾಸ್‌ಬುಕ್ ಇಡುವ ಜಾಗದಲ್ಲೇ ಇಡಿ. ಫೋಟೋ ತೆಗೆದು ಮಕ್ಕಳ ಮೊಬೈಲಿನಲ್ಲೂ ಇರಿಸಿ. ಸಾಧನದಿಂದ ತೊಂದರೆಯಾದರೆ ವರದಿ ಮಾಡಲು 2015ರಿಂದ ‘ಮೆಟೀರಿಯೋವಿಜಿಲೆನ್ಸ್’ ಎಂಬ ರಾಷ್ಟ್ರೀಯ ವ್ಯವಸ್ಥೆಯಿದೆ. ರೋಗಿಯೂ ವರದಿ ಮಾಡಬಹುದು.

ನಮ್ಮ ನಿಧಿ, ನಿಮ್ಮ ಸಹಾಯ

ಮೇಲಿನದ್ದನ್ನೆಲ್ಲ ಕೂಡಿಸಿ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಸಾಧನ ಇಡಿಸಲು ಇಂದು ಹಲವು ಬಾಗಿಲುಗಳಿವೆ. ಇಟ್ಟ ಮೇಲೆ ನಡೆಸಿಕೊಂಡು ಹೋಗಲು ಬಾಗಿಲುಗಳು ಕಡಿಮೆ. ಲಕ್ಷಗಟ್ಟಲೆಯ ಬಿಲ್ಲಿನ ಮುಂದೆ ನಮ್ಮಂಥ ಸಂಘದ ಕೆಲವು ಸಾವಿರ ಸಣ್ಣದಾಗಿ ಕಾಣುತ್ತದೆ. ಅದೇ ಕೆಲವು ಸಾವಿರ ಒಂದು ವರ್ಷದ ಮಾತ್ರೆಗೆ, ಐಎನ್‌ಆರ್ ಪರೀಕ್ಷೆಗೆ, ಮಗುವಿನ ಬ್ಯಾಟರಿಗೆ, ತಾಯಿಯ ರೈಲ್ವೆ ಪಾಸಿಗೆ ಪೂರ್ತಿ ಸಾಕಾಗುತ್ತದೆ. ಲಕ್ಷದ ಚಿಕಿತ್ಸೆ ವ್ಯರ್ಥವಾಗದಂತೆ ಕಾಯುವುದು ಈ ಸಣ್ಣ ಮೊತ್ತವೇ.

ಆದುದರಿಂದ ನೆರವು ಕೋರುವವರಲ್ಲಿ ವಿನಂತಿ: ಆಪರೇಷನ್ ಉಚಿತವಾಗಿ ಆಗಿದ್ದರೂ ನಂತರದ ಖರ್ಚಿಗೆ ಅರ್ಜಿ ಹಾಕಿ. ಅರ್ಜಿಯೊಂದಿಗೆ ಡಿಸ್ಚಾರ್ಜ್ ಕಾರ್ಡ್, ಇಂಪ್ಲಾಂಟ್ ಸ್ಟಿಕ್ಕರಿನ ಪ್ರತಿ, ಡಾಕ್ಟರು ಬರೆದ ಮಾತ್ರೆಗಳ ಚೀಟಿ ಇರಲಿ. ಬರೆಯಲು ತಿಳಿಯದಿದ್ದರೆ ಸಂಘದ ಕಚೇರಿಗೆ ಬನ್ನಿ, ಬರೆದುಕೊಡುತ್ತೇವೆ. ನಾಚಿಕೆಪಡುವ ವಿಷಯ ಇದರಲ್ಲಿ ಏನೂ ಇಲ್ಲ.

ದಾನಿಗಳಲ್ಲಿ ವಿನಂತಿ: ಒಮ್ಮೆ ಕೊಡುವ ದೊಡ್ಡ ದೇಣಿಗೆಗೆ ನಾವು ಸದಾ ಋಣಿಗಳು. ಅದರ ಜೊತೆಗೆ, ಒಬ್ಬ ರೋಗಿಯ ಒಂದು ವರ್ಷದ ಔಷಧಿಯ ಹೊಣೆಯನ್ನು ತಿಂಗಳು ತಿಂಗಳು ವಹಿಸಿಕೊಳ್ಳುವವರು ಬೇಕಾಗಿದ್ದಾರೆ. ಡಾಕ್ಟರ ಚೀಟಿ, ಔಷಧಿ ಅಂಗಡಿಯ ಬಿಲ್ಲು ಎರಡನ್ನೂ ನೋಡಿಯೇ ಹಣ ಪಾವತಿಯಾಗುತ್ತದೆ. ಆ ಲೆಕ್ಕ ಸಂಘದ ಕಚೇರಿಯಲ್ಲಿ ಯಾವ ಸದಸ್ಯರಿಗೂ ನೋಡಲು ಸಿಗುತ್ತದೆ.

ಸದಸ್ಯರೆಲ್ಲರಲ್ಲಿ ಇನ್ನೊಂದು ವಿನಂತಿ, ಇದಕ್ಕೆ ಹಣ ಬೇಡ. ನಿಮ್ಮ ಕಟ್ಟಡದಲ್ಲಿ, ಹೋಟೆಲಿನಲ್ಲಿ, ಬಂಧುಬಳಗದಲ್ಲಿ ಇತ್ತೀಚೆಗೆ ಸ್ಟೆಂಟ್ ಹಾಕಿಸಿಕೊಂಡವರಿದ್ದರೆ ಈ ವಾರ ಒಮ್ಮೆ ಕೇಳಿ: ‘ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದೀರಲ್ಲ?’ ಉತ್ತರ ಹೇಳಲು ಅವರು ತಡವರಿಸಿದರೆ ನಮಗೆ ತಿಳಿಸಿ.